ಹೆಲ್ಮೆಟ್ ತೊಟ್ಟವರೆಲ್ಲ ಗೋಡೆ ಒಡೆಯುವವರಲ್ಲ

ನಮಸ್ಕಾರ. ಈ ವಾರ ಹಿಮಕರಡಿಗಳ ಬಗ್ಗೆ ಶಾಂತವಾಗಿ ಮಾತನಾಡಬೇಕೆಂದು ಟಿಪ್ಪಣಿ ಮಾಡಿಕೊಂಡಿದ್ದೆ. ಆ ಟಿಪ್ಪಣಿ ಈಗಲೂ ನನ್ನ ಮೇಜಿನ ಮೇಲಿದೆ, ಅಲ್ಲಿಯೇ ಇರಲಿ. ಹಿಂದಿನ ಸಂಚಿಕೆಯ ಕೆಳಗೆ ಒಬ್ಬ ಮಹನೀಯರು ಹೀಗೊಂದು ಸಾಲು ಬರೆದಿದ್ದಾರೆ: "ಆರ್ಕ್ಟಿಕ್‌ಗೆ ಹೋಗುವ ಹಡಗುಗಳೆಲ್ಲ ಐಸ್‌ಬ್ರೇಕರ್‌ಗಳೇ ತಾನೇ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ?" ನನ್ನ ಇಡೀ ಸಂಚಿಕೆಗೆ ಬಂದ ಮೆಚ್ಚುಗೆಗಿಂತ ಈ ಒಂದು ಸಾಲಿಗೆ ಬಂದ ಮೆಚ್ಚುಗೆಯೇ ಹೆಚ್ಚು. ಅದರಿಂದ ನನಗೆ ಎಳ್ಳಷ್ಟೂ ಬೇಸರವಾಗಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿ ಮುಂದುವರಿಯುತ್ತೇನೆ.

ಅಲ್ಲ ಸ್ವಾಮಿ, ಎಲ್ಲವೂ ಐಸ್‌ಬ್ರೇಕರ್‌ಗಳಲ್ಲ. ಆರ್ಕ್ಟಿಕ್ ಪ್ರವಾಸಕ್ಕೆಂದು ಇಂದು ಓಡಾಡುತ್ತಿರುವ ಬಹುಪಾಲು ಹಡಗುಗಳು ಮಂಜುಗಡ್ಡೆಯ ಪೆಟ್ಟನ್ನು ತಡೆದುಕೊಳ್ಳುವಂತೆ ಒಡಲನ್ನು ಗಟ್ಟಿಮಾಡಿಕೊಂಡ ಹಡಗುಗಳೇ ಹೊರತು, ಮಂಜುಗಡ್ಡೆಯನ್ನು ಒಡೆದು ದಾರಿ ಮಾಡಿಕೊಳ್ಳುವ ಹಡಗುಗಳಲ್ಲ. ತಡೆದುಕೊಳ್ಳುವುದು ಬೇರೆ, ಒಡೆಯುವುದು ಬೇರೆ. ತಲೆಗೆ ಹೆಲ್ಮೆಟ್ ತೊಟ್ಟುಕೊಂಡ ಮಾತ್ರಕ್ಕೆ ನೀವು ಹೋಗಿ ಗೋಡೆಗೆ ಹಣೆ ಚಚ್ಚುವುದಿಲ್ಲವಷ್ಟೆ?

ಐಸ್‌ಬ್ರೇಕರ್ ಎಂದೊಡನೆ ಹಡಗಿನ ಮೂತಿ ಕೊಡಲಿಯಂತೆ ಹರಿತವಾಗಿದ್ದು ಮಂಜನ್ನು ಸೀಳುತ್ತಾ ಸಾಗುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ಅದರ ಮೂತಿ ಸೌಟಿನ ಬೆನ್ನಿನಂತೆ ಬಾಗಿರುತ್ತದೆ. ಹಿಂದಿನಿಂದ ಎಂಜಿನ್ ನೂಕಿದಾಗ ಹಡಗು ಮಂಜುಗಡ್ಡೆಯ ಮೇಲೆ ಹತ್ತಿಬಿಡುತ್ತದೆ. ಸಾವಿರಾರು ಟನ್ ಭಾರ ಮೇಲೆ ಬಿದ್ದಾಗ ಗಡ್ಡೆ ಕೆಳಮುಖವಾಗಿ ಮುರಿಯುತ್ತದೆ. ಮುರಿದ ತುಂಡುಗಳು ಒಡಲಿನ ಅಡಿಯಿಂದ ಪಕ್ಕಕ್ಕೆ ಸರಿಯುತ್ತವೆ. ಗಡ್ಡೆ ಜಗ್ಗದಿದ್ದರೆ ಹಡಗು ಹಿಂದಕ್ಕೆ ಸರಿದು, ಓಟ ಕಿತ್ತು, ಮತ್ತೆ ಹತ್ತುತ್ತದೆ. ಇದಕ್ಕೆ ದಪ್ಪ ಉಕ್ಕು ಮಾತ್ರ ಸಾಲದು. ಆ ಆಕಾರ ಬೇಕು, ನೂಕುವ ಶಕ್ತಿ ಬೇಕು, ಮಂಜಿನ ತುಂಡು ಬಡಿದರೂ ಮುರಿಯದ ಪ್ರೊಪೆಲ್ಲರ್ ಬೇಕು. ರಷ್ಯಾದ '50 ಲೆಟ್ ಪೊಬೆಡಿ' ಎಂಬ ಹಡಗಿನಲ್ಲಿ ಎರಡು ಪರಮಾಣು ರಿಯಾಕ್ಟರ್‌ಗಳಿವೆ, ಅದರ ಶಕ್ತಿ ಸುಮಾರು 75,000 ಅಶ್ವಶಕ್ತಿ. ಅಷ್ಟು ಶಕ್ತಿಯನ್ನು ಅದಕ್ಕೆ ತುಂಬಿರುವುದು ಅಲಂಕಾರಕ್ಕಲ್ಲ.

ಈಗ ನನ್ನದೇ ಮೂರ್ಖತನದ ಕಥೆ. ನಾನು ಮೊದಲ ಸಲ ಹೋದ ಹಡಗಿನ ಕರಪತ್ರದಲ್ಲಿ 'ಐಸ್‌ಬ್ರೇಕರ್ ಅನುಭವ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಸ್ವಾಲ್ಬಾರ್ಡ್ ದ್ವೀಪಸಮೂಹದ ಉತ್ತರಕ್ಕೆ ಸಾಗಿ ಮಂಜುಗಡ್ಡೆಯ ಅಂಚು ಮುಟ್ಟಿದೆವು. ನಾನು ಮೂರು ಪದರ ಉಣ್ಣೆ ಹೊದ್ದು, ಕ್ಯಾಮೆರಾ ಹಿಡಿದು, ಮೂತಿಯ ಬಳಿ ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಹಡಗು ನಿಧಾನವಾಯಿತು. ಇನ್ನೂ ನಿಧಾನವಾಯಿತು. ಆಮೇಲೆ ಬಹಳ ಗೌರವದಿಂದ ಎಡಕ್ಕೆ ತಿರುಗಿ, ಗಡ್ಡೆಯ ಅಂಚಿನ ಉದ್ದಕ್ಕೂ, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವವರಂತೆ ಸಾಗಿತು. ಒಡೆದದ್ದು ಏನಾದರೂ ಇದ್ದರೆ ಅದು ನನ್ನ ಮನಸ್ಸು. ಕ್ಯಾಪ್ಟನ್ ಮಾಡಿದ್ದು ನೂರಕ್ಕೆ ನೂರು ಸರಿ. ತಪ್ಪು ಕರಪತ್ರ ಬರೆದವರದು, ಅದನ್ನು ನಂಬಿದ ನನ್ನದು.

ಎರಡನೆಯ ಸಲ ನಿಜವಾದ ಐಸ್‌ಬ್ರೇಕರ್ ಹತ್ತಿದೆ. ರಾತ್ರಿ ಎರಡು ಗಂಟೆ ಎಂದು ಗಡಿಯಾರ ಹೇಳುತ್ತಿತ್ತು, ಸೂರ್ಯ ಒಪ್ಪುತ್ತಿರಲಿಲ್ಲ. ಮಂಚದ ಪಕ್ಕದ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಗೋಡೆಯಾಚೆ ಯಾರೋ ಜಲ್ಲಿಕಲ್ಲು ತುಂಬಿದ ಲಾರಿಯನ್ನು ಬಗ್ಗಿಸಿ ಸುರಿಯುತ್ತಲೇ ಇದ್ದಾರೆ ಎಂಬಂಥ ಸದ್ದು. ಮೇಲೆ ಹೋಗಿ ಕಟಕಟೆಯಿಂದ ಬಗ್ಗಿ ನೋಡಿದೆ. ಊಟದ ಮೇಜಿಗಿಂತ ದೊಡ್ಡದಾದ ಒಂದು ಮಂಜಿನ ಚಪ್ಪಡಿ ಒಡಲಿಗೆ ಒರಗಿ, ಎದ್ದು, ನಿಧಾನವಾಗಿ ಮಗುಚಿಕೊಂಡಿತು. ಮೇಲೆ ಬಿಳಿ ಹಿಮ, ನಡುವೆ ನೋಡಿದರೆ ಹಲ್ಲು ಜುಮ್ಮೆನ್ನುವ ನೀಲಿ, ಅಡಿಯಲ್ಲಿ ಚಹಾದ ಕಲೆಯಂತೆ ಕಂದುಬಣ್ಣ. ಆ ಕಂದು ಕೊಳೆಯಲ್ಲ, ಗಡ್ಡೆಯ ತಳದಲ್ಲಿ ಬೆಳೆಯುವ ಪಾಚಿ; ಅಲ್ಲಿನ ಜೀವಜಾಲದ ಊಟ ಶುರುವಾಗುವುದೇ ಅದರಿಂದ. ಅಂಚಿನ ಉದ್ದಕ್ಕೂ ಪ್ರದಕ್ಷಿಣೆ ಹಾಕಿದ ಹಡಗಿನಿಂದ ನನಗೆ ಅದರ ಬೆನ್ನು ಮಾತ್ರ ಕಂಡಿತ್ತು, ಹೊಟ್ಟೆ ಕಂಡಿರಲಿಲ್ಲ. ಆ ವಿಡಿಯೊ ನಮ್ಮ ವಾಹಿನಿಯಲ್ಲಿದೆ, ಇನ್ನೂ ನೋಡದವರು ನೋಡಿ. ಚಂದಾದಾರರಾಗದೆ ನೋಡುತ್ತಿರುವವರು ಯಾರೆಂದು ನನಗೆ ತಿಳಿಯುವುದಿಲ್ಲ, ಆದರೆ ನಿಮಗೆ ತಿಳಿದಿರುತ್ತದೆ.

ಇದನ್ನೆಲ್ಲ ಅಳೆಯಲು ಲೆಕ್ಕವೇ ಇಲ್ಲವೇ ಎಂದರೆ, ಇದೆ. ಅದನ್ನು ಪೋಲಾರ್ ಕ್ಲಾಸ್, ಚುಟುಕಾಗಿ ಪಿಸಿ, ಎನ್ನುತ್ತಾರೆ, ಒಂದರಿಂದ ಏಳರವರೆಗೆ. ಪರೀಕ್ಷೆಯ ರ್‍ಯಾಂಕಿನಂತೆ ಇಲ್ಲಿಯೂ ಸಂಖ್ಯೆ ಚಿಕ್ಕದಾದಷ್ಟೂ ಬಲ ಹೆಚ್ಚು. ಪಿಸಿ 6 ಎಂದರೆ ಬೇಸಿಗೆ ಮತ್ತು ಶರತ್ಕಾಲದಲ್ಲಿ, ಒಂದೇ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಧ್ಯಮ ದಪ್ಪದ ಗಡ್ಡೆಯ ನಡುವೆ ಓಡಾಡಬಲ್ಲ ಹಡಗು. ಇಂದಿನ ಎಕ್ಸ್‌ಪೆಡಿಷನ್ ಹಡಗುಗಳಲ್ಲಿ, ಅಂದರೆ ದುರ್ಗಮ ಪ್ರದೇಶಗಳಿಗೆ ಪ್ರವಾಸಿಗರನ್ನು ಒಯ್ಯುವ ಹಡಗುಗಳಲ್ಲಿ, ಬಹಳಷ್ಟು ಈ ವರ್ಗದವು. ಪಿಸಿ 2 ಎಂದರೆ ವರ್ಷಪೂರ್ತಿ, ಹಲವು ಬೇಸಿಗೆಗಳನ್ನು ದಾಟಿ ಉಳಿದ ಹಳೆಯ ಗಡ್ಡೆಯ ನಡುವೆಯೂ ಸಾಗಬಲ್ಲ ಹಡಗು. ಹಳೆಯ ಗಡ್ಡೆಯಲ್ಲಿ ಉಪ್ಪು ಬಸಿದುಹೋಗಿರುವುದರಿಂದ ಅದು ಹೊಸದಕ್ಕಿಂತ ಬಹಳ ಗಟ್ಟಿ. 2021ರ ಸೆಪ್ಟೆಂಬರ್ 6ರಂದು ಉತ್ತರ ಧ್ರುವ ತಲುಪಿದ ಫ್ರಾನ್ಸಿನ 'ಲೆ ಕಮಾಂಡಾಂಟ್ ಶಾರ್ಕೊ' ಪಿಸಿ 2 ಹಡಗು. ಆರಕ್ಕೂ ಎರಡಕ್ಕೂ ನಡುವಿನ ವ್ಯತ್ಯಾಸ ಕರಪತ್ರದ ಅಕ್ಷರದ ದಪ್ಪದ್ದಲ್ಲ.

ಇಲ್ಲಿ ಇತಿಹಾಸ ಬಲ್ಲವರು 'ಫ್ರಾಮ್' ಹಡಗನ್ನು ಎಳೆದು ತರುತ್ತಾರೆ. ತನ್ನಿ, ನನಗೂ ಅದೇ ಬೇಕು. ನಾರ್ವೆಯ ಧ್ರುವಾನ್ವೇಷಕ ನಾನ್ಸೆನ್ 1893ರಲ್ಲಿ ಹೊರಟಾಗ ಆ ಮರದ ಹಡಗಿನ ಒಡಲನ್ನು ಬೇಕೆಂದೇ ದುಂಡಗೆ ಕಟ್ಟಿಸಿದ್ದರು. ಗಡ್ಡೆ ಎರಡೂ ಬದಿಯಿಂದ ಹಿಂಡಿದರೆ ಹಡಗು ನುಚ್ಚಾಗುವ ಬದಲು, ಬೆರಳ ನಡುವಿನಿಂದ ಹುಣಸೆಬೀಜ ಜಾರುವಂತೆ ಮೇಲಕ್ಕೆ ಎದ್ದುಬಿಡಬೇಕು ಎಂಬುದು ಯೋಜನೆ, ಮತ್ತು ಹಾಗೆಯೇ ಆಯಿತು. ಗಡ್ಡೆಯಲ್ಲಿ ಸಿಕ್ಕಿಕೊಂಡು, ಅದು ತೇಲಿಸಿದ ಕಡೆಗೆ ತೇಲಿ, 1896ರಲ್ಲಿ ಹೊರಬಂತು. ತಡೆದುಕೊಂಡ ಹಡಗುಗಳ ಚಕ್ರವರ್ತಿ ಅದು. ಆದರೆ ಅದು ಧ್ರುವ ಮುಟ್ಟಲಿಲ್ಲ. ಸಾಗರದ ಮೇಲ್ಮೈಯಲ್ಲೇ ಗಡ್ಡೆ ಒಡೆಯುತ್ತಾ ಹಡಗೊಂದು ಮೊದಲ ಬಾರಿಗೆ ಧ್ರುವ ಮುಟ್ಟಿದ್ದು 1977ರ ಆಗಸ್ಟ್ 17ರಂದು, ಅದು ಸೋವಿಯತ್ ಒಕ್ಕೂಟದ ಪರಮಾಣು ಐಸ್‌ಬ್ರೇಕರ್ 'ಆರ್ಕ್ಟಿಕಾ'. ಫ್ರಾಮ್ ಹೊರಟದ್ದಕ್ಕೂ ಆರ್ಕ್ಟಿಕಾ ತಲುಪಿದ್ದಕ್ಕೂ ನಡುವೆ 84 ವರ್ಷ. ತಡೆದುಕೊಳ್ಳುವುದಕ್ಕೂ ಒಡೆಯುವುದಕ್ಕೂ ಇರುವ ದೂರ ಅದು. ನಮ್ಮ ಮಹನೀಯರು ಅದನ್ನು 'ತಾನೇ' ಎಂಬ ಒಂದು ಪದದಲ್ಲಿ ದಾಟಿಬಿಟ್ಟಿದ್ದಾರೆ.

ಈಗ ಆಕ್ಷೇಪಣೆಗಳು. "ಮಂಜೇ ಕರಗುತ್ತಿರುವಾಗ ಐಸ್‌ಬ್ರೇಕರ್ ಏಕೆ?" ಕರಗುತ್ತಿದೆ, ನಿಜ, ಅದು ನಗುವ ವಿಷಯವಲ್ಲ. ಆದರೆ ಉಪಗ್ರಹಗಳು ಅಳೆಯತೊಡಗಿದ ಮೇಲೆ ಅತ್ಯಂತ ಕಡಿಮೆ ಮಂಜು ಉಳಿದ 2012ರ ಸೆಪ್ಟೆಂಬರಿನಲ್ಲಿಯೂ ಸುಮಾರು 34 ಲಕ್ಷ ಚದರ ಕಿಲೋಮೀಟರ್ ಉಳಿದಿತ್ತು. ಅದೂ ಒಂದೆಡೆ ಕೂತಿರುವುದಿಲ್ಲ. ಗಾಳಿ ಮತ್ತು ಪ್ರವಾಹ ಅದನ್ನು ತಳ್ಳುತ್ತಲೇ ಇರುತ್ತವೆ. ಬೆಳಿಗ್ಗೆ ತೆರೆದಿದ್ದ ನೀರು ಸಂಜೆಗೆ ಮುಚ್ಚಿಕೊಂಡಿರಬಹುದು. "ಹಡಗು ಒಡೆಯುವುದರಿಂದಲೇ ಮಂಜು ಕರಗುತ್ತದೆಯಲ್ಲವೇ?" ಅಷ್ಟು ವಿಸ್ತಾರದಲ್ಲಿ ಹಡಗಿನ ಜಾಡು ಆನೆಯ ಬೆನ್ನ ಮೇಲಿನ ಸೊಳ್ಳೆ. "ಹಾಗಾದರೆ ಹಡಗಿನ ಇಂಧನದ ಹೊಗೆ?" ಅದು ಒಳ್ಳೆಯ ಪ್ರಶ್ನೆ, ಆದ್ದರಿಂದ ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

"ಹಿಮಕರಡಿ ಎರಡೂ ಹಡಗಿನಿಂದ ಕಾಣುತ್ತದೆ." ಕಾಣುತ್ತದೆ. ಇನ್ನೂ ಹೇಳುವುದಾದರೆ, ಸೀಲ್‌ಗಳನ್ನು ಹುಡುಕಿಕೊಂಡು ಕರಡಿ ಗಡ್ಡೆಯ ಅಂಚಿನ ಬಳಿಯೇ ಓಡಾಡುವುದರಿಂದ ಮೊದಲ ಹಡಗಿನಿಂದಲೇ ನನಗೆ ಹೆಚ್ಚು ಕರಡಿಗಳು ಕಂಡವು. ಈ ಮಾತು ನನ್ನ ವಾದಕ್ಕೆ ಅನುಕೂಲವಲ್ಲವಾದ್ದರಿಂದ ಬೇಗ ಮುಂದೆ ಹೋಗುತ್ತೇನೆ. ಕರಡಿ ಬೇಕಾದವರು ಕರಡಿ ನೋಡಲು ಹೋಗಲಿ, ಯಾರು ಬೇಡವೆಂದರು? ಟಿಕೆಟಿನ ಮೇಲೆ 'ಕರಡಿ ನೋಡುವ ಹಡಗು' ಎಂದೇ ಅಚ್ಚು ಹಾಕಲಿ! ಹೆಲ್ಮೆಟ್ಟಿಗೆ ಹೆಲ್ಮೆಟ್ ಎನ್ನಲಿ, ಸುತ್ತಿಗೆಗೆ ಸುತ್ತಿಗೆ ಎನ್ನಲಿ. ನಾನು ಕೇಳುತ್ತಿರುವುದು ಇಷ್ಟೇ, ಇಷ್ಟೇ, ಇಷ್ಟೇ.

ಐಸ್‌ಬ್ರೇಕರ್ ಎಂದರೆ ಸುಖವೆಂದು ಯಾರೂ ತಿಳಿಯಬೇಡಿ. ಗಡ್ಡೆ ಒಡೆಯಲು ಅನುಕೂಲವಾದ ಆ ದುಂಡು ಒಡಲು ತೆರೆದ ಸಮುದ್ರದಲ್ಲಿ ತಟ್ಟೆಯ ಮೇಲಿಟ್ಟ ಮೊಟ್ಟೆಯಂತೆ ಹೊರಳಾಡುತ್ತದೆ. ಗಡ್ಡೆ ಸಿಗುವವರೆಗಿನ ಆ ದೂರವನ್ನು ನಾನು ಒಂದು ಬಕೆಟ್ಟಿನ ಸಖ್ಯದಲ್ಲಿ ಕಳೆದೆ. ಆದರೂ ಆ ಬಕೆಟ್ ಒಂದು ಪುರಾವೆ. ಹೊಟ್ಟೆ ತೊಳಸದಿದ್ದರೆ ಅದು ಐಸ್‌ಬ್ರೇಕರೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ಬಹುತೇಕ ಹೇಳುತ್ತಿದ್ದೇನೆ.

"ಕೇಳುಗರಿಗೆ ಇದರಿಂದ ಏನಾಗಬೇಕು?" ಎಂದು ನನ್ನ ಸಂಕಲನಕಾರರೇ ಕೇಳುತ್ತಾರೆ. ಏನಾಗಬೇಕೆಂದರೆ, ತಡೆದುಕೊಳ್ಳುವುದು ಬೇರೆ, ಒಡೆಯುವುದು ಬೇರೆ. ಈ ಸಾಲನ್ನು ಬಟ್ಟಲುಗಳ ಮೇಲೆ ಅಚ್ಚು ಹಾಕಿಸಿದ್ದೇನೆ, ಕೊಂಡಿ ವಿವರಣೆಯಲ್ಲಿದೆ. ಬಟ್ಟಲು ಬಿಸಿ ಚಹಾ ತಡೆದುಕೊಳ್ಳುತ್ತದೆ, ಬಿದ್ದರೆ ಒಡೆಯುತ್ತದೆ, ಅಂದರೆ ಎರಡನ್ನೂ ಬಲ್ಲ ವಸ್ತು ಅದೊಂದೇ.

ಕೊನೆಯದಾಗಿ ಒಂದು ಸಂಗತಿ. ಮುಂದಿನ ಪ್ರವಾಸಕ್ಕೆಂದು ಇನ್ನೊಂದು ಸಂಸ್ಥೆಗೆ ನಾನು ಒಂದೇ ಸಾಲಿನ ಪತ್ರ ಬರೆದೆ: ನಿಮ್ಮ ಹಡಗಿನ ಪೋಲಾರ್ ಕ್ಲಾಸ್ ಎಷ್ಟು? ಮೊದಲ ಉತ್ತರದಲ್ಲಿ ಬಿಸಿನೀರಿನ ಕೊಳದ ಚಿತ್ರ ಕಳುಹಿಸಿದರು. ಮತ್ತೆ ಕೇಳಿದೆ, ನಮ್ಮ ಹಡಗು ಅತ್ಯಾಧುನಿಕವಾದದ್ದು ಎಂದರು. ಮೂರನೆಯ ಸಲ, ಒಂದರಿಂದ ಏಳರವರೆಗಿನ ಒಂದು ಸಂಖ್ಯೆ ಬರೆದರೆ ಸಾಕು ಎಂದು ಅಂಗಲಾಚಿದೆ. ನಿನ್ನೆ ರಾತ್ರಿ ಉತ್ತರ ಬಂದಿದೆ: ಏಳನೆಯ ಮಹಡಿಯ ಕೋಣೆಯೊಂದು ಖಾಲಿಯಿದೆಯಂತೆ.