ಬಚ್ಚಲುಮನೆಯ ಹೊಸ ಪಾಯಿಂಟು

ಕೇಳುಗರಿಗೆ ನಮಸ್ಕಾರ.

ಹಾಸನದ ಹತ್ತಿರ ಒಂದು ಹಳ್ಳಿ, ಹಳೇ ಹೆಂಚಿನ ಮನೆ. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ. ಹೊಗೆ ಕುಡಿದು ಕುಡಿದು ಅಮ್ಮನಿಗೆ ಕೆಮ್ಮು ಜಾಸ್ತಿ ಆಯಿತು ಅಂತ ಮಗ ಮೂರು ಲೀಟರಿನ ಗೀಸರ್ ತಂದ. ಅದಕ್ಕೊಂದು ಹೊಸ ಪವರ್ ಪಾಯಿಂಟ್ ಹಾಕಿಸಿದ. ಹಳೇ ಮೀಟರ್ ಬೋರ್ಡಿನ ಪಕ್ಕ ಚಿಕ್ಕ ಡಬ್ಬಿ ಬಂತು. ಅದರೊಳಗೆ ತೊಂದರೆ ಆದರೆ ತಾನಾಗೇ ಲೈನ್ ಕತ್ತರಿಸುವ ಎರಡು ಸ್ವಿಚ್ಚು, ಒಂದು ಎಂಸಿಬಿ, ಒಂದು ಆರ್‌ಸಿಸಿಬಿ. ಎಲ್ಲಾ ಹೊಸದು. ಆದರೆ ಗೀಸರ್ ಸ್ವಿಚ್ ಹಾಕಿದ ಕೂಡಲೇ ಟಪ್ ಅಂತ ಆರ್‌ಸಿಸಿಬಿ ಬೀಳುತ್ತಿತ್ತು, ಅಂದರೆ ತಾನೇ ಆಫ್ ಆಗುತ್ತಿತ್ತು.

ಗೀಸರನ್ನು ಅಂಗಡಿಗೆ ಎರಡು ಸಲ ಹೊತ್ತುಕೊಂಡು ಹೋದರು. ಅಲ್ಲಿ ಸರಿಯಾಗೇ ಓಡಿತು. ಕೊನೆಗೆ ವೈರಿಂಗ್ ಮಾಡಿದವನೇ ಹೇಳಿದನಂತೆ, "ಈ ಆರ್‌ಸಿಸಿಬಿ ತುಂಬಾ ಸೂಕ್ಷ್ಮ. ತೆಗೆದು ಡೈರೆಕ್ಟ್ ಕೊಟ್ಟುಬಿಡೋಣ." ಅಷ್ಟು ಹೊತ್ತಿಗೆ ಆ ಅಮ್ಮ ನನಗೆ ಫೋನ್ ಮಾಡಿಸಿದರು. "ನೋಡಪ್ಪಾ, ಅದನ್ನ ತೆಗೆಯಬೇಕೋ ಬೇಡವೋ ನೀನೇ ಬಂದು ಹೇಳು" ಅಂದರು. ಆ ಒಂದು ಫೋನ್ ಮಾಡಿದ್ದಕ್ಕೆ ನನಗೆ ಇವತ್ತಿಗೂ ಸಮಾಧಾನ.

ಮೊದಲು ಈ ಎರಡು ಸಾಮಾನಿನ ಕೆಲಸ ಏನು ಅಂತ ಹೇಳುತ್ತೇನೆ. ಎಂಸಿಬಿ ನೋಡುವುದು ಹೊರೆ. ವೈರು ತಾಳುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೆ, ಶಾರ್ಟ್ ಆದರೆ, ಅದು ಬೀಳುತ್ತದೆ. ಆರ್‌ಸಿಸಿಬಿ ನೋಡುವುದು ಲೆಕ್ಕ. ಕೊಟ್ಟಿಗೆ ಬಾಗಿಲಲ್ಲಿ ನಿಂತು ಹಸು ಎಣಿಸುತ್ತೇವಲ್ಲ, ಹಾಗೆ. ಬೆಳಿಗ್ಗೆ ಹತ್ತು ಹೊರಟರೆ ಸಂಜೆ ಹತ್ತೂ ಅದೇ ಬಾಗಿಲಿಗೆ ಬರಬೇಕು. ಫೇಸ್ ವೈರಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಒಂದಿಷ್ಟು ಬರಲಿಲ್ಲ ಅಂದರೆ ಅದು ಇನ್ನೆಲ್ಲೋ ಹರಿಯುತ್ತಿದೆ ಅಂತ ಅರ್ಥ. ಗೀಸರಿನ ಮೈಯಲ್ಲಿರಬಹುದು, ಒದ್ದೆ ಗೋಡೆಯಲ್ಲಿರಬಹುದು, ಮನುಷ್ಯನ ಮೈಯಲ್ಲೂ ಇರಬಹುದು. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದ್ದು. ನಮ್ಮ 230 ವೋಲ್ಟ್‌ನಲ್ಲಿ ಅದು ಏಳು ವ್ಯಾಟಿನ ಚಿಕ್ಕ ಬಲ್ಬಿಗೆ ಹರಿಯುವಷ್ಟು ಕರೆಂಟು. ಅಷ್ಟು ತಪ್ಪಿದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ನಿಲ್ಲುವ ಜಾಗಕ್ಕೆ ಇದಕ್ಕಿಂತ ದೊಡ್ಡ ಕಾವಲು ಬೇರೆ ಇಲ್ಲ.

ಆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ, ಗೀಸರ್ ಪ್ಲಗ್ ತೆಗೆದು ಸ್ವಿಚ್ ಹಾಕಿದ್ದು. ಏನೂ ಬೀಳಲಿಲ್ಲ. ಆಮೇಲೆ 100 ವ್ಯಾಟಿನ ಹಳೇ ಬಲ್ಬನ್ನು ಹೋಲ್ಡರ್ ಸಮೇತ ಅದೇ ಸಾಕೆಟ್ಟಿಗೆ ಹಾಕಿದೆ. ಟಪ್! ಬಿತ್ತು. ಅಲ್ಲಿಗೆ ಗೀಸರಿನ ಮೇಲಿದ್ದ ಅನುಮಾನ ಹೋಯಿತು. ಯಾವ ಸಾಮಾನು ಹಾಕಿದರೂ ಬೀಳುತ್ತದೆ, ಹಾಕದೇ ಇದ್ದರೆ ಬೀಳುವುದಿಲ್ಲ ಅಂದರೆ ನಾನು ಮೊದಲು ಹುಡುಕುವುದು ನ್ಯೂಟ್ರಲ್ ವೈರನ್ನು.

ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಸಾಕೆಟ್ಟಿನ ಪ್ಲೇಟ್ ಬಿಚ್ಚಿದೆ. ಫೇಸಿನ ಕೆಂಪು ವೈರು ನಾಲ್ಕು ಸ್ಕ್ವೇರ್ ಎಂಎಂ, ಒಳ್ಳೇ ದಪ್ಪ. ಅದರ ಪಕ್ಕದ ಕಪ್ಪು ವೈರು, ಅಂದರೆ ನ್ಯೂಟ್ರಲ್, ನೋಡಿದರೆ ತೆಳ್ಳಗೆ, ಒಂದು ಸ್ಕ್ವೇರಿನದ್ದು. ಅದರ ಜಾಡು ಹಿಡಿದು ಹೋದರೆ ಪಡಸಾಲೆಯ ಲೈಟಿನ ಸ್ವಿಚ್ ಬೋರ್ಡು ಸಿಕ್ಕಿತು. ವೈರು ಉಳಿಸೋಣ ಅಂತ ಆತ ಹತ್ತಿರದ ಹಳೇ ಬೋರ್ಡಿನಿಂದ ನ್ಯೂಟ್ರಲ್ ಎಳೆದಿದ್ದ. ಹಸು ನಮ್ಮ ಬಾಗಿಲಿಂದ ಹೊರಟು ಪಕ್ಕದ ಕೊಟ್ಟಿಗೆಗೆ ಹೋಗಿ ನಿಂತ ಹಾಗಾಯಿತು. ಹೊಸ ಆರ್‌ಸಿಸಿಬಿಯ ಲೆಕ್ಕದಲ್ಲಿ ಹೋದದ್ದು ಒಂದೂ ವಾಪಸ್ ಬಂದಿಲ್ಲ. ಬೀಳದೆ ಇನ್ನೇನು ಮಾಡೀತು?

ಅವನ ಮಾತು ಕೇಳಿ ಆರ್‌ಸಿಸಿಬಿ ತೆಗೆದಿದ್ದರೆ ಗೀಸರ್ ಚೆನ್ನಾಗಿಯೇ ಓಡುತ್ತಿತ್ತು. ಭಯ ಇರುವುದು ಅಲ್ಲೇ. ಮೂರು ಕಿಲೋವ್ಯಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಅಷ್ಟೂ ಆ ದಾರದಂಥ ಕಪ್ಪು ವೈರಲ್ಲಿ ಹರಿದು, ಹೆಂಚಿನ ಕೆಳಗಿನ ಮರದ ಪಟ್ಟಿ ಪಕ್ಕದಲ್ಲಿ ಆ ವೈರು ದಿನಾ ಬೆಳಿಗ್ಗೆ ಕಾದು ಬಿಸಿಯಾಗುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಹಸಿರು ವೈರು, ಅಂದರೆ ಅರ್ಥ್ ವೈರು, ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಸ್ಕ್ರೂಗೆ ಬರಬೇಕು. ಬಂದಿರಲಿಲ್ಲ. ಸಾಕೆಟ್ಟಿನ ಹಿಂದಿನ ಡಬ್ಬಿಯ ಮೂಲೆಯಲ್ಲಿ ಅದರ ತುದಿ ಮಡಚಿ, ಟೇಪ್ ಸುತ್ತಿ, ಒಳಗೆ ತುರುಕಿಟ್ಟಿದ್ದರು. ಟೇಪಿನ ಮೇಲೆ ಸಿಮೆಂಟ್ ಪುಡಿ ಅಂಟಿತ್ತು. ಅಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಇದಿಲ್ಲದೇನೂ ಗೀಸರ್ ಓಡತ್ತಾ?" ಅಂದರು. ಓಡುತ್ತದಮ್ಮಾ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ಗೀಸರಿನ ಕಾಯಿಲಿನಿಂದ ಒಂದು ದಿನ ಕರೆಂಟ್ ಸೋರಿದರೆ ಅದನ್ನು ನೆಲಕ್ಕೆ ಒಯ್ಯಬೇಕಾದ್ದು ಈ ಹಸಿರು ವೈರು. ಇದಿಲ್ಲದಿದ್ದರೆ ನಲ್ಲಿ ನೀರೇ ದಾರಿ ಆಗುತ್ತದೆ.

ಇನ್ನೂ ಕೆಟ್ಟದ್ದೊಂದನ್ನು ಬೇರೆ ಮನೆಗಳಲ್ಲಿ ನೋಡಿದ್ದೇನೆ. ಅರ್ಥ್ ಇಲ್ಲ ಅಂತ ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್ ಸ್ಕ್ರೂಗೆ ಒಂದು ತುಂಡು ವೈರು ಕೊಟ್ಟುಬಿಡುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ಗೀಸರಿನ ಮೈಗೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ.

ಆ ಅಮ್ಮನ ಮನೆಯಲ್ಲಿ ಆರ್‌ಸಿಸಿಬಿ ಇರುವ ಡಬ್ಬಿಯಿಂದಲೇ ಹೊಸ ಕಪ್ಪು ವೈರು ಎಳೆದೆ. ಹಸಿರು ವೈರನ್ನು ಸ್ಕ್ರೂಗೆ ಬಿಗಿದೆ. ಎದುರಿಗೆ ನಿಂತು ನೋಡಿದರೆ ಬಲಗಡೆ ಫೇಸು, ಎಡಗಡೆ ನ್ಯೂಟ್ರಲ್, ಮೇಲೆ ಅರ್ಥು. ಬಲ್ಬ್ ಹಾಕಿದೆ, ಹೊತ್ತಿತು, ಏನೂ ಬೀಳಲಿಲ್ಲ. ಆಮೇಲೆ ಅದೇ ಬಲ್ಬನ್ನು ಫೇಸಿಗೂ ಅರ್ಥಿಗೂ ನಡುವೆ ಕೊಟ್ಟೆ. ಟಪ್ ಅಂತ ಬಿತ್ತು. ಈ ಸಲ ಅದು ಬೀಳಲೇಬೇಕಿತ್ತು. ನೀವು ಮಾತ್ರ ಇದನ್ನು ಮಾಡಲು ಹೋಗಬೇಡಿ, ಕೆಲಸ ಗೊತ್ತಿದ್ದವರ ಕೈಲೇ ಮಾಡಿಸಿ.

ನಿಮ್ಮ ಮನೆಯ ತೊಂದರೆ ಬೇರೆ ಥರ ಇರಬಹುದು. ಬಲಗಡೆ ತೂತಲ್ಲಿ ಟೆಸ್ಟರ್ ಉರಿಯುತ್ತದೆ, ಆದರೆ ಏನು ಹಾಕಿದರೂ ಓಡುವುದಿಲ್ಲ ಅಂದರೆ ನ್ಯೂಟ್ರಲ್ ಬಿಟ್ಟಿರುತ್ತದೆ. ಸ್ವಿಚ್ ಆಫ್ ಮಾಡಿದರೂ ಟೆಸ್ಟರ್ ಜೋರಾಗಿ ಉರಿದರೆ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರುವ ಸಾಧ್ಯತೆ ಇದೆ. ಪ್ಲಗ್ ಕೈಗೆ ಬಿಸಿ ತಾಗಿದರೆ ಸ್ಕ್ರೂ ಸಡಿಲ, ಇಲ್ಲವೇ ಆರು ಆಂಪಿಯರಿನ ಸಾಕೆಟ್ಟಿಗೆ ಗೀಸರ್ ಸಿಕ್ಕಿಸಿದ್ದೀರಿ. ಗೀಸರಿಗೆ 16 ಆಂಪಿಯರಿನದ್ದೇ ಬೇಕು. ಸ್ನಾನ ಆದ ಮೇಲೆ ಮಾತ್ರ ಬೀಳುತ್ತದೆ, ಒಣಗಿದಾಗ ನಿಲ್ಲುತ್ತದೆ ಅಂದರೆ ಸಾಕೆಟ್ಟಿನ ಡಬ್ಬಿಯೊಳಗೆ ನೀರು ಹೋಗುತ್ತಿದೆ. ಆ ಪಾಯಿಂಟನ್ನು ಶವರಿನಿಂದ ದೂರಕ್ಕೆ, ಮೇಲಕ್ಕೆ ಸರಿಸಲೇಬೇಕು. ಬರೀ ಗೀಸರ್ ಹಾಕಿದಾಗ ಬಿದ್ದು, ಬೇರೆ ಸಾಮಾನಿಗೆ ಬೀಳದಿದ್ದರೆ ಆಗ ಗೀಸರನ್ನು ಅನುಮಾನಿಸಿ.

ಇಷ್ಟನ್ನು ನೀವು ಗಮನಿಸಿ ಹೇಳಿದರೆ ಸಾಕು, ಬಂದವನ ಅರ್ಧ ಕೆಲಸ ಆದಂತೆ. ಪ್ಲೇಟ್ ಬಿಚ್ಚುವುದು ಪರವಾನಗಿ ಇರುವ ವೈರ್‌ಮನ್ನಿನ ಕೆಲಸ. ಅವನು ಪ್ಲೇಟ್ ಮುಚ್ಚುವ ಮೊದಲು ಪಕ್ಕದಲ್ಲಿ ನಿಂತು ಕೇಳಿ, "ಹಸಿರು ವೈರು ಎಲ್ಲಪ್ಪಾ, ತೋರಿಸು" ಅಂತ. ಸಂಕೋಚ ಬೇಡ.

ಆರ್‌ಸಿಸಿಬಿ ಮೇಲೆ ಒಂದು ಪುಟ್ಟ ಟೆಸ್ಟ್ ಬಟನ್ ಇರುತ್ತದೆ. ಲೈನ್ ಇರುವಾಗ ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದಾಗ ಬೀಳದಿದ್ದರೆ ಬದಲಾಯಿಸಲು ತಕ್ಷಣ ಹೇಳಿಕಳಿಸಿ. ಅರ್ಥ್ ಸರಿ ಇದೆಯೋ ಇಲ್ಲವೋ ಅಂತ ಆ ಬಟನ್ ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಮಾಡಿಸಬೇಕು. ಇದನ್ನು ಆ ಅಮ್ಮನಿಗೆ ಹೇಳಿದಾಗ, "ತಿಂಗಳಿಗೊಂದು ಸಲ ಅಂದರೆ ನನಗೆ ನೆನಪಿರಲ್ಲಪ್ಪಾ, ಅಮಾವಾಸ್ಯೆ ಅಮಾವಾಸ್ಯೆಗೆ ಒತ್ತಲಾ?" ಅಂದರು. ಒತ್ತಿ ಅಮ್ಮಾ ಅಂದೆ. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಡಬ್ಬಿಯ ಪಕ್ಕದ ಮೊಳೆಗೆ ಕ್ಯಾಲೆಂಡರ್ ತಂದು ನೇತುಹಾಕಿದ್ದಾರೆ. ಪ್ರತಿ ಅಮಾವಾಸ್ಯೆಗೂ ಪೆನ್ಸಿಲ್ಲಿನ ಒಂದು ಗೆರೆ.

ನಮಸ್ಕಾರ.