ಮೊದಲ ಕಥೆ ಆಮೇಲೆ ಬಂದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

1998ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಕೆಲವು ಚಿತ್ರಮಂದಿರಗಳಲ್ಲಿ ಒಂದು ವಿಚಿತ್ರ ನಡೆಯಿತು. ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಿದ್ದರು, ಒಂದೆರಡು ನಿಮಿಷ ಕೂರುತ್ತಿದ್ದರು, ಸಿನಿಮಾ ಶುರುವಾಗುವ ಹೊತ್ತಿಗೆ ಎದ್ದು ಹೊರಟುಬಿಡುತ್ತಿದ್ದರು. ಅವರು ದುಡ್ಡು ಕೊಟ್ಟಿದ್ದು ಆ ಸಿನಿಮಾಕ್ಕಲ್ಲ, ಅದರ ಮುಂಚೆ ತೋರಿಸುತ್ತಿದ್ದ ಇನ್ನೊಂದು ಚಿತ್ರದ ಟ್ರೇಲರಿಗೆ. ಆ ಇನ್ನೊಂದು ಚಿತ್ರವೇ ‘ಸ್ಟಾರ್ ವಾರ್ಸ್’ ಸರಣಿಯ ‘ದಿ ಫ್ಯಾಂಟಮ್ ಮೆನೇಸ್’. 1999ರ ಮೇ 19ರಂದು ತೆರೆಗೆ ಬಂತು. ಮೊದಲ ಬಿಡುಗಡೆಯಲ್ಲೇ ಪ್ರಪಂಚದಾದ್ಯಂತ 92 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೂ ಇಷ್ಟೊಂದು ಜನರನ್ನು ಒಟ್ಟಿಗೆ ನಿರಾಸೆಗೊಳಿಸಿದ ಚಿತ್ರ ಎಂದು ಇವತ್ತಿಗೂ ಅದರ ಹೆಸರನ್ನೇ ಹೇಳುತ್ತಾರೆ. ಈ ನಿರಾಸೆ ಯಾಕೆ ಎಂದು ಸ್ವಲ್ಪ ಹೊತ್ತು ಮಾತನಾಡೋಣ.

ನೋಡದವರಿಗಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. ಜಾರ್ಜ್ ಲೂಕಸ್ 1977ರಲ್ಲಿ ಮೊದಲ ಸ್ಟಾರ್ ವಾರ್ಸ್ ಮಾಡಿದರು. 1980ರಲ್ಲಿ ಎರಡನೆಯದು, 1983ರಲ್ಲಿ ಮೂರನೆಯದು. ಕಪ್ಪು ಮುಖವಾಡ, ಕಪ್ಪು ನಿಲುವಂಗಿ, ಯಂತ್ರದೊಳಗಿಂದ ಬರುವ ಉಸಿರು, ಇವುಗಳ ಡಾರ್ತ್ ವೇಡರ್ ಅದರ ಖಳನಾಯಕ. ಎರಡನೆಯ ಚಿತ್ರದಲ್ಲಿ ಅವನು ನಾಯಕ ಲ್ಯೂಕನಿಗೆ ‘ನಾನೇ ನಿನ್ನ ಅಪ್ಪ’ ಎಂದು ಹೇಳುತ್ತಾನೆ. ಅಲ್ಲಿಗೆ ಕಥೆಯೇ ಹೊರಳಿತು. ಒಳ್ಳೆಯವನಾಗಿದ್ದ ಆನಕಿನ್ ಎಂಬ ಯೋಧ ಈ ರಾಕ್ಷಸನಾದದ್ದು ಹೇಗೆ? ಹತ್ತೊಂಬತ್ತು ವರ್ಷ ಈ ಪ್ರಶ್ನೆ ತೂಗಾಡುತ್ತಿತ್ತು. 1999ರ ಚಿತ್ರ ಅದರ ಉತ್ತರದ ಮೊದಲ ಕಂತು. ಪ್ರೀಕ್ವೆಲ್ ಎನ್ನುತ್ತಾರಲ್ಲ, ಅದು.

ಕೊಡಗಿಗೆ ಈ ಸಿನಿಮಾಗಳು ಬಂದದ್ದು ಸುತ್ತು ದಾರಿಯಲ್ಲಿ. ಮಿಲಿಟರಿಯಲ್ಲಿದ್ದವರು ರಜೆಗೆ ಬರುವಾಗ ತರುತ್ತಿದ್ದ ಕ್ಯಾಸೆಟ್ಟು, ಮೈಸೂರಿನಿಂದ ಬರುತ್ತಿದ್ದ ಸಿ.ಡಿ., ಆಮೇಲೆ ಕೇಬಲ್ಲು. ಜೂನ್ ಜುಲೈ ಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಮುಗಿಯಿತು, ಸಿನಿಮಾ ಅರ್ಧಕ್ಕೇ ನಿಲ್ಲುತ್ತಿತ್ತು. ಮಿಕ್ಕ ಕಥೆಯನ್ನು ಹುಡುಗರು ತಾವೇ ಕಟ್ಟಿಕೊಂಡು ಕ್ಲಾಸಿಗೆ ಬರುತ್ತಿದ್ದರು. ವೇಡರನ ಹಿಂದಿನ ಕಥೆ ಎಂದು ಅವರಲ್ಲಿ ಕೆಲವರು ಹೇಳಿದ್ದು ಲೂಕಸ್ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ನನ್ನ ಹಳೇ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ನಗಬೇಡಿ, ನಿಜ ಹೇಳುತ್ತಿದ್ದೇನೆ.

ಚಿತ್ರದ ಮೇಲಿನ ದೂರುಗಳಲ್ಲಿ ಎರಡು ಬಹಳ ಪ್ರಸಿದ್ಧ. ಒಂದು, ಜಾರ್ ಜಾರ್ ಬಿಂಕ್ಸ್ ಎಂಬ ಉದ್ದ ಕಿವಿಯ ಹಾಸ್ಯಪಾತ್ರ. ಎಡವುವುದು, ಬೀಳುವುದು, ತೊದಲುವುದು. ಮಕ್ಕಳು ನಕ್ಕರು, ದೊಡ್ಡವರು ಹಲ್ಲು ಕಡಿದರು. ಇನ್ನೊಂದು, ಕಥೆ ಶುರುವಾಗುವುದೇ ವ್ಯಾಪಾರ ಮಾರ್ಗಗಳ ತೆರಿಗೆಯ ಜಗಳದಿಂದ. ಬಾಹ್ಯಾಕಾಶಕ್ಕೆ ಹೋಗಿಯೂ ತೆರಿಗೆಯೇ ಎಂದು ಗೇಲಿ ಮಾಡಿದರು. ಈ ಎರಡನೆಯ ದೂರು ನನಗೆ ಒಪ್ಪಿಗೆಯಿಲ್ಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿದ್ದ ಪೂಲ್ ಪದ್ಧತಿ ಹೋಗಿ ಮುಕ್ತ ಮಾರುಕಟ್ಟೆ ಬಂದ ದಶಕ ಅದು. ವ್ಯಾಪಾರದ ರಾಜಕೀಯ ಎಂದರೆ ಆಕಳಿಸುವ ಊರಲ್ಲ ನಮ್ಮದು. ಆ ತೆರಿಗೆ ಜಗಳದ ಹಿಂದೆ ನಿಜಕ್ಕೂ ಒಂದು ಚುರುಕಾದ ಯೋಚನೆಯಿದೆ. ಪಾಲ್ಪಟೀನ್ ಎಂಬ ಸೆನೆಟರ್ ಕತ್ತಲಲ್ಲಿ ಕೂತು ತನ್ನದೇ ಗ್ರಹಕ್ಕೆ ದಿಗ್ಬಂಧನ ಹಾಕಿಸುತ್ತಾನೆ. ಆಮೇಲೆ ಅದೇ ಸಂಕಟವನ್ನು ಸೆನೆಟಿನ ಮುಂದಿಟ್ಟು, ಅಧಿಕಾರದಲ್ಲಿದ್ದವನ ಮೇಲೆ ಅವಿಶ್ವಾಸ ನಿರ್ಣಯ ತರಿಸಿ, ಆ ಕುರ್ಚಿ ಹಿಡಿಯುತ್ತಾನೆ. ಒಂದು ಗಣರಾಜ್ಯ ಕತ್ತಿಗಲ್ಲ, ವೋಟಿಗೆ ಬಲಿಯಾಗುವ ಕಥೆ. ಆದರೆ ಪಾತ್ರಗಳು ಅದನ್ನು ವರದಿ ಓದುವವರ ದನಿಯಲ್ಲಿ ಹೇಳುತ್ತವೆ. ದೋಷ ಇರುವುದು ತೆರಿಗೆಯಲ್ಲಲ್ಲ, ಆ ದನಿಯಲ್ಲಿ.

ನನ್ನ ತಕರಾರು ಬೇರೆ ಕಡೆ ಇದೆ. ಜೀವಶಾಸ್ತ್ರ ಪಾಠ ಮಾಡಿದವನಾದ್ದರಿಂದ ಅದು ನನ್ನನ್ನು ಹೆಚ್ಚು ಕಾಡಿದೆ.

ಮೊದಲ ಚಿತ್ರದಲ್ಲಿ ‘ಫೋರ್ಸ್’ ಎಂಬ ಶಕ್ತಿಯೊಂದು ಬರುತ್ತದೆ. ಜೀವಿಗಳೆಲ್ಲ ಸೇರಿ ಹುಟ್ಟಿಸಿದ, ನಮ್ಮನ್ನು ಸುತ್ತುವರಿದ, ಬ್ರಹ್ಮಾಂಡವನ್ನು ಹಿಡಿದು ಕಟ್ಟಿರುವ ಶಕ್ತಿ ಎಂದು ಒಬ್ಬ ಮುದುಕ ಹುಡುಗನಿಗೆ ವಿವರಿಸುತ್ತಾನೆ. ವಿವರಣೆ ಅಷ್ಟೇ. ಮಿಕ್ಕದ್ದು ಅಭ್ಯಾಸ, ನಂಬಿಕೆ, ಮನಸ್ಸಿನ ಹತೋಟಿ. ಮರಳುಗಾಡಿನ ಹೊಲದ ಹುಡುಗನಿಗೂ ಅದು ಒಲಿಯಬಹುದು. ನೋಡುತ್ತ ಕೂತ ನಮಗೂ ಒಲಿಯಬಹುದೇನೋ ಎನ್ನಿಸುತ್ತಿತ್ತು. 1999ರ ಚಿತ್ರದಲ್ಲಿ ಏನಾಯಿತು ಗೊತ್ತೆ? ಪುಟ್ಟ ಆನಕಿನ್‌ನ ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ. ಜೀವಕೋಶಗಳ ಒಳಗೆ ಮಿಡಿಕ್ಲೋರಿಯನ್ ಎಂಬ ಸೂಕ್ಷ್ಮಜೀವಿಗಳಿವೆಯಂತೆ, ಅವು ಹೆಚ್ಚಿದ್ದಷ್ಟೂ ಫೋರ್ಸ್ ಹೆಚ್ಚಂತೆ, ಈ ಹುಡುಗನಲ್ಲಿ 20,000ಕ್ಕೂ ಮೇಲಂತೆ, ಮಹಾಗುರು ಯೋಡನಲ್ಲೂ ಅಷ್ಟಿಲ್ಲವಂತೆ. ತಪಸ್ಸು ಲ್ಯಾಬ್ ರಿಪೋರ್ಟಾಯಿತು.

ಈ ಕಲ್ಪನೆ ಎಲ್ಲಿಂದ ಬಂದಿರಬೇಕು ಎಂದು ಒಂಬತ್ತನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಇವೆ, ಕೋಶಕ್ಕೆ ಬೇಕಾದ ಶಕ್ತಿ ತಯಾರಿಸುವುದು ಅವು. ಒಂದು ಕಾಲದಲ್ಲಿ ಅವು ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾ, ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿದುಬಿಟ್ಟವು ಎಂದು ಲಿನ್ ಮಾರ್ಗುಲಿಸ್ ಎಂಬ ಅಮೆರಿಕದ ವಿಜ್ಞಾನಿ 1967ರಲ್ಲಿ ಪ್ರಬಂಧ ಬರೆದು ವಾದಿಸಿದರು. ಮೊದಮೊದಲು ಹಲವು ಪತ್ರಿಕೆಗಳು ಆ ಪ್ರಬಂಧವನ್ನು ತಿರಸ್ಕರಿಸಿದ್ದವು. ಮುಂದೆ ಮೈಟೊಕಾಂಡ್ರಿಯಾದ ಸ್ವಂತ ಡಿ.ಎನ್.ಎ. ಬ್ಯಾಕ್ಟೀರಿಯಾಕ್ಕೆ ಹತ್ತಿರದ್ದು ಎಂದು ಕಂಡುಬಂದ ಮೇಲೆ ಎಲ್ಲರೂ ಒಪ್ಪಿದರು. ಕ್ಲಾಸಿನಲ್ಲಿ ಈ ಪಾಠ ಮಾಡುವಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ವಿಜ್ಞಾನದಲ್ಲಿ ಅಳತೆ ಸಿಕ್ಕರೆ ಬೆರಗು ಹೆಚ್ಚುತ್ತದೆ. ಆದರೆ ಆ ಸಿನಿಮಾದಲ್ಲಿ ಅಳತೆ ಬಂದ ಕೂಡಲೇ ಬೆರಗು ಹೋಯಿತು. ಯಾಕೆಂದರೆ ಅಲ್ಲಿಯವರೆಗೆ ಫೋರ್ಸ್ ಒಬ್ಬ ಮನುಷ್ಯನ ನಡತೆಗೆ ಸಂಬಂಧಿಸಿದ್ದಾಗಿತ್ತು. ಈಗ ಅದು ಹುಟ್ಟಿಗೆ, ರಕ್ತಕ್ಕೆ ಸೇರಿದ್ದಾಯಿತು.

ಹಾಗಾದರೆ ಮೂಲ ಹೇಳುವ ಕಥೆಗಳೇ ಕೆಟ್ಟವೆ? ಕಾವೇರಿಯ ನಾಡಿನಲ್ಲಿ ಕೂತು ಹಾಗೆ ಹೇಳಲಾಗುವುದಿಲ್ಲ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುತ್ತಾರೆ. ಯಾಕೆ ಎಂದು ಹೊರಗಿನವರು ಕೇಳಿದರೆ ನಮ್ಮಲ್ಲಿ ಉತ್ತರ ಸಿದ್ಧವಿದೆ. ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದು ಎಂಬ ಷರತ್ತು ಹಾಕಿ ಕಾವೇರಿ ಅಗಸ್ತ್ಯರನ್ನು ಮದುವೆಯಾದಳು. ಒಂದು ದಿನ ಅವರು ಅವಳನ್ನು ಕಮಂಡಲದಲ್ಲಿಟ್ಟು, ಶಿಷ್ಯರನ್ನು ಕಾವಲಿಗಿರಿಸಿ, ಸ್ನಾನಕ್ಕೆ ಕನಕೆಗೆ ಹೋದರು. ಮಾತು ಮುರಿಯಿತು, ಅವಳು ಹರಿದುಬಿಟ್ಟಳು. ಬಲಮುರಿಯಲ್ಲಿ ಎದುರು ನಿಂತ ಕೊಡವತಿಯರ ಸೀರೆಯ ನೆರಿಗೆ ಆ ಹೊಳೆಯ ರಭಸಕ್ಕೆ ಹಿಂದಕ್ಕೆ ತಿರುಗಿತು. ಇದೂ ವಿವರಣೆಯೇ, ಇದೂ ಪೂರ್ವಕಥೆಯೇ. ಆದರೆ ಇದನ್ನು ಕೇಳಿದ ಮೇಲೆ ನೆರಿಗೆ ಚಿಕ್ಕದಾಗುವುದಿಲ್ಲ, ದೊಡ್ಡದಾಗುತ್ತದೆ. ಒಬ್ಬ ಹೆಣ್ಣಿನ ಸಿಟ್ಟು, ಅವಳ ನಿರ್ಧಾರ, ಹೋಗಬೇಡ ಎಂದವರ ಪ್ರೀತಿ, ಎಲ್ಲ ಅದರೊಳಗೆ ಬಂದು ಕೂರುತ್ತದೆ.

ಮುಂದೇನಾಗುತ್ತದೆ ಎಂದು ಗೊತ್ತಿರುವುದೂ ಪೂರ್ವಕಥೆಗೆ ಅಡ್ಡಿಯಲ್ಲ. ಭೀಷ್ಮ ಬಾಣದ ಮಂಚದ ಮೇಲೆ ಮಲಗುತ್ತಾನೆ ಎಂದು ಗೊತ್ತಿದ್ದೇ ನಾವು ದೇವವ್ರತನ ಪ್ರತಿಜ್ಞೆಯನ್ನು ಕೇಳುತ್ತೇವೆ. ಗೊತ್ತಿರುವುದರಿಂದಲೇ ಆ ಮಾತು ಎದೆಗೆ ನಾಟುತ್ತದೆ. ಆನಕಿನ್‌ನ ವಿಷಯದಲ್ಲೂ ಹೀಗೇ ಆಗಬಹುದಿತ್ತು. ಒಂಬತ್ತು ವರ್ಷದ ಗುಲಾಮ ಹುಡುಗ. ಅಪ್ಪನಿಲ್ಲದೆ ಹುಟ್ಟಿದವನು. ಕುಂತಿಯ ಕಥೆ ಕೇಳಿ ಬೆಳೆದ ನಮಗೆ ಅದೇನೂ ಅಡ್ಡಬರುವುದಿಲ್ಲ. ಅವನಿಗೆ ಬಿಡುಗಡೆ ಸಿಗುತ್ತದೆ, ತಾಯಿಗೆ ಸಿಗುವುದಿಲ್ಲ. ತಾಯಿ ಅವನಿಗೆ ನೀನೇ ತೀರ್ಮಾನಿಸು ಎನ್ನುತ್ತಾಳೆ, ಹೊರಟಾಗ ತಿರುಗಿ ನೋಡಬೇಡ ಎನ್ನುತ್ತಾಳೆ. ಇಡೀ ಚಿತ್ರದಲ್ಲಿ ನನ್ನ ಕಣ್ಣು ತುಂಬಿದ್ದು ಅಲ್ಲಿ ಮಾತ್ರ. ಅದಾದ ಮೇಲೆ ಚಿತ್ರ ಆ ತಾಯಿಯನ್ನು ಮರೆತೇಬಿಡುತ್ತದೆ. ಅವಳ ಮನೆಯಲ್ಲಿ ಉಂಡ, ಜೆಡೈ ಎಂಬ ಫೋರ್ಸ್ ಬಲ್ಲ ಯೋಧರ ಪಂಗಡದ ಗುರುಗಳಿದ್ದಾರೆ, ಒಂದು ಗ್ರಹದ ರಾಣಿ ಇದ್ದಾಳೆ, ಯುದ್ಧ ಗೆದ್ದು ಮೆರವಣಿಗೆಯನ್ನೂ ಮಾಡುತ್ತಾರೆ. ಆ ಹೆಂಗಸನ್ನು ಬಿಡಿಸಿಕೊಂಡು ಬರೋಣ ಎಂದು ಒಬ್ಬರ ಬಾಯಲ್ಲೂ ಬರುವುದಿಲ್ಲ.

ಕೊನೆಯ ಯುದ್ಧವಂತೂ ಇನ್ನೂ ಅನ್ಯಾಯ. ಹುಡುಗನಿಗೆ ವಿಮಾನದೊಳಗೆ ಅಡಗಿಕೊಂಡಿರು ಎಂದಿರುತ್ತಾರೆ. ಅದು ತಾನೇ ಹಾರಿ ರಣರಂಗಕ್ಕೆ ಹೋಗುತ್ತದೆ. ಏನೋ ಒತ್ತುತ್ತಾನೆ, ಏನೋ ಸಿಡಿಯುತ್ತದೆ, ಶತ್ರುವಿನ ಮುಖ್ಯ ಹಡಗೇ ಚೂರಾಗುತ್ತದೆ. ಮುಂದೆ ಬ್ರಹ್ಮಾಂಡವನ್ನೇ ನಡುಗಿಸಬೇಕಾದವನ ಮೊದಲ ಗೆಲುವು ಆಕಸ್ಮಿಕ! ಸಿಟ್ಟಿನಿಂದ ಗೆದ್ದಿದ್ದರೆ ಭಯವಾಗುತ್ತಿತ್ತು, ಕರುಣೆಯಿಂದ ಗೆದ್ದಿದ್ದರೆ ಮರುಕವಾಗುತ್ತಿತ್ತು. ಆಕಸ್ಮಿಕಕ್ಕೆ ಏನಾಗಬೇಕು?

ಇನ್ನೊಂದು ಸಣ್ಣ ದೂರು. ಹಳೆಯ ಚಿತ್ರಗಳಲ್ಲಿ ಸದಾ ಗೊಣಗುವ ಸಿ-ತ್ರೀಪಿಒ ಎಂಬ ರೋಬಾಟ್ ಇತ್ತಲ್ಲ, ಅದನ್ನೂ ಕಟ್ಟಿದವನು ಇದೇ ಆನಕಿನ್ ಎಂದು ಇಲ್ಲಿ ತಿಳಿಯುತ್ತದೆ. ಸಾವಿರಾರು ಗ್ರಹಗಳಿದ್ದ ಲೋಕ ಒಂದೇ ಒಕ್ಕದವರ ಮದುವೆ ಮನೆಯಂತಾಯಿತು, ಎಲ್ಲಿ ತಿರುಗಿದರೂ ನೆಂಟರೇ.

ಯಾಕೆ ಹೀಗಾಯಿತು? ಇದು ನನ್ನ ಊಹೆ. 1977ರ ಚಿತ್ರದ ಸಂಕಲನಕ್ಕೆ ಲೂಕಸ್ ಅವರ ಆಗಿನ ಪತ್ನಿ ಮಾರ್ಸಿಯಾ ಲೂಕಸ್ ಇನ್ನಿಬ್ಬರೊಂದಿಗೆ ಆಸ್ಕರ್ ಪಡೆದಿದ್ದರು. 1980ರ ಚಿತ್ರವನ್ನು ನಿರ್ದೇಶಿಸಿದವರು ಅರ್ವಿನ್ ಕರ್ಷ್ನರ್, ಚಿತ್ರಕಥೆಗೆ ಲೀ ಬ್ರಾಕೆಟ್ ಮತ್ತು ಲಾರೆನ್ಸ್ ಕಾಸ್ಡನ್ ಇದ್ದರು. ಬೇಡ ಎನ್ನುವವರು ಪಕ್ಕದಲ್ಲಿದ್ದರು. 1999ರಲ್ಲಿ ಕಥೆ, ಸಂಭಾಷಣೆ, ನಿರ್ದೇಶನ, ಹಣ ಎಲ್ಲವೂ ಲೂಕಸ್ ಅವರದೇ. 1977ರ ನಂತರ ಅವರು ನಿರ್ದೇಶಕರ ಕುರ್ಚಿಯಲ್ಲಿ ಕೂತದ್ದೇ ಆವಾಗ.

ನಿರಾಸೆಯ ಇನ್ನೊಂದು ಮುಖವನ್ನೂ ಹೇಳಬೇಕು. ಸಿಟ್ಟು ಹೋಗಿ ಬಿದ್ದದ್ದು ನಟರ ಮೇಲೆ. ಆನಕಿನ್ ಆಗಿದ್ದ ಜೇಕ್ ಲಾಯ್ಡ್ ಚಿಕ್ಕ ಹುಡುಗ, ಶಾಲೆಯಲ್ಲಿ ತುಂಬ ಗೇಲಿ ಮಾಡುತ್ತಿದ್ದರು ಎಂದು ಆಮೇಲೆ ಹೇಳಿಕೊಂಡ, ಕೆಲವೇ ವರ್ಷಗಳಲ್ಲಿ ನಟನೆಯನ್ನೇ ಬಿಟ್ಟ. ಜಾರ್ ಜಾರ್ ಆಗಿದ್ದ ಅಹ್ಮದ್ ಬೆಸ್ಟ್, ಆ ದಿನಗಳಲ್ಲಿ ತನಗೆ ಬದುಕೇ ಬೇಡವೆನಿಸಿತ್ತು ಎಂದು 2018ರಲ್ಲಿ ಹೇಳಿಕೊಂಡರು. ನಟನ ಚಲನೆಯನ್ನು ಹಿಡಿದು ಕಂಪ್ಯೂಟರಿನಲ್ಲಿ ಪಾತ್ರವಾಗಿಸುವ ಕೆಲಸದಲ್ಲಿ ಅವರು ಮೊದಲಿಗರ ಸಾಲಿನವರು. ಬರೆದವರ ತಪ್ಪಿಗೆ ಅವರು ಬೈಸಿಕೊಂಡರು. 2023ರಲ್ಲಿ ಅದೇ ಸ್ಟಾರ್ ವಾರ್ಸ್ ಲೋಕದ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯಲ್ಲಿ ಜೆಡೈ ಯೋಧನಾಗಿ ಬಂದಾಗ ಜನ ಸಂಭ್ರಮಪಟ್ಟರು ಎಂಬುದಷ್ಟೇ ಸಮಾಧಾನ.

ಪೂರ್ವಕಥೆ ಮಾಡಲು ಬರುತ್ತದೆ ಎಂದು ಇದೇ ಸರಣಿ 2016ರಲ್ಲಿ ತೋರಿಸಿತು, ‘ರೋಗ್ ಒನ್’ ಎಂಬ ಚಿತ್ರದಲ್ಲಿ. ಶತ್ರುವಿನ ಡೆತ್ ಸ್ಟಾರ್ ಎಂಬ ದೈತ್ಯಾಕಾರದ ಬಾಹ್ಯಾಕಾಶ ಕೋಟೆ ಒಂದೇ ಒಂದು ಏಟಿಗೆ ಸಿಡಿದುಹೋಗುವುದು ಹೇಗೆ ಎಂದು 1977ರಿಂದ ಜನ ಆಡಿಕೊಳ್ಳುತ್ತಿದ್ದರು. ಅದನ್ನು ಬಲವಂತಕ್ಕೆ ಕಟ್ಟಿದ ಎಂಜಿನಿಯರೇ ಗುಟ್ಟಾಗಿ ಆ ದೋಷವನ್ನು ಇಟ್ಟಿದ್ದ ಎಂದು ಈ ಚಿತ್ರ ಹೇಳಿತು. ಆ ಗುಟ್ಟನ್ನು ಹೊರಗೆ ತಲುಪಿಸಲು ಹೋದ ಮುಖ್ಯ ಪಾತ್ರಗಳೆಲ್ಲ ಸಾಯುತ್ತವೆ. ಈಗ ಹಳೆಯ ಚಿತ್ರ ನೋಡುವಾಗ ಆ ಸ್ಫೋಟಕ್ಕೆ ಬೇರೆಯದೇ ತೂಕ. ಬಲಮುರಿಯ ಕಥೆಯ ಜಾತಿಗೆ ಸೇರಿದ ವಿವರಣೆ ಇದು.

ಹಾಗೆಂದು 1999ರದ್ದನ್ನು ಪೂರಾ ತಳ್ಳಿಹಾಕಬೇಡಿ. ಮರಳುಗಾಡಿನ ಪಾಡ್ ರೇಸ್ ಇವತ್ತಿಗೂ ಉಸಿರು ಹಿಡಿಸುತ್ತದೆ. ಕೊನೆಯ ಕತ್ತಿಕಾಳಗಕ್ಕೆ ಜಾನ್ ವಿಲಿಯಮ್ಸ್ ಕೊಟ್ಟ ಸಂಗೀತವಂತೂ ಚಿತ್ರಕ್ಕಿಂತ ಎಷ್ಟೋ ಮೇಲೆ. ಅದರಲ್ಲಿ ಹಾಡುವ ಮೇಳದ ಸಾಲುಗಳು ವೇಲ್ಸ್ ದೇಶದ ಹಳೆಯ ಪದ್ಯವೊಂದನ್ನು ಸಂಸ್ಕೃತಕ್ಕೆ ತಂದದ್ದು. ಉಚ್ಚಾರಣೆ ಕೇಳಿದರೆ ನಮ್ಮ ಸಂಸ್ಕೃತ ಮೇಷ್ಟ್ರುಗಳು ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ, ಆದರೂ ಕೇಳಿ.

ಮನೆಯಲ್ಲಿ ಮಕ್ಕಳಿಗೆ ಈ ಸರಣಿ ತೋರಿಸುವುದಾದರೆ ಒಂದು ಮಾತು. ಚಿತ್ರದ ಹೆಸರಿನ ಜೊತೆ ಒಂದನೇ ಅಧ್ಯಾಯ ಎಂದು ಬರೆದಿರುತ್ತದೆ, ಅದನ್ನು ನಂಬಿ ಅಲ್ಲಿಂದ ಶುರುಮಾಡಬೇಡಿ. ಮೊದಲು 1977ರದ್ದು, ಆಮೇಲೆ 1980ರದ್ದು. ಆ ಅಪ್ಪನ ಗುಟ್ಟು ವೇಡರನ ಬಾಯಿಂದಲೇ ಮಕ್ಕಳಿಗೆ ತಿಳಿಯಲಿ. ನೀವೂ ಅಷ್ಟು ಹೊತ್ತು ಬಾಯಿ ಬಿಡದೆ ಕೂತಿರಿ. ನಮಸ್ಕಾರ.