ಮರಳಲ್ಲಿ ಒಂದು ಗುಣ, ಜೇಡಿಯಲ್ಲಿ ಇನ್ನೊಂದು: ರಂಧ್ರಗಳೊಳಗೆ ಗ್ಯಾಸ್ ಹೈಡ್ರೇಟ್

ಎಲ್ಲರಿಗೂ ನಮಸ್ಕಾರ.

ರಂಧ್ರಗಳಿರುವ ವಸ್ತುವಿನಲ್ಲಿ ಗ್ಯಾಸ್ ಹೈಡ್ರೇಟ್ ಸುಲಭವಾಗಿ ಕಟ್ಟುತ್ತದೆಯೇ, ಕಷ್ಟಪಟ್ಟು ಕಟ್ಟುತ್ತದೆಯೇ? ಈ ಪ್ರಶ್ನೆಗೆ ಒಂದು ಪ್ರಬಂಧ ‘ಸುಲಭ’ ಎನ್ನುತ್ತದೆ, ಪಕ್ಕದ್ದು ‘ಕಷ್ಟ’ ಎನ್ನುತ್ತದೆ. ಎರಡೂ ಸುಳ್ಳಲ್ಲ. ಒಬ್ಬರು ಅಳೆದದ್ದು ವೇಗವನ್ನು, ಇನ್ನೊಬ್ಬರು ಅಳೆದದ್ದು ಸಮತೋಲನದ ಒತ್ತಡವನ್ನು, ಅಂದರೆ ಹೈಡ್ರೇಟ್ ಕರಗದೆ ಉಳಿಯಲು ಕನಿಷ್ಠ ಬೇಕಾದ ಒತ್ತಡವನ್ನು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದಲೇ ಈ ವಿಷಯದಲ್ಲಿ ಇಷ್ಟು ಗೊಂದಲ.

ಹೈಡ್ರೇಟ್ ಅಂದರೆ ನೀರಿನ ಅಣುಗಳು ಪಂಜರ ಕಟ್ಟಿ ಒಳಗೆ ಅನಿಲವನ್ನು ಹಿಡಿದಿಟ್ಟುಕೊಂಡ ಹರಳು. ಮೀಥೇನಿನದಾದರೆ 46 ನೀರಿನ ಅಣುಗಳಿಗೆ 8 ಪಂಜರ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 164 ಘನ ಮೀಟರ್ ಅನಿಲ ಬರುತ್ತದೆ. ಬರಿಯ ನೀರಿನಲ್ಲಿ ಅದು ಉಳಿಯಬೇಕಾದರೆ 0 ಡಿಗ್ರಿಯಲ್ಲಿ ಸುಮಾರು 26 ಬಾರ್, 10 ಡಿಗ್ರಿಯಲ್ಲಿ ಸುಮಾರು 70 ಬಾರ್ ಒತ್ತಡ ಬೇಕು.

ಮೊದಲು ಸಮತೋಲನ. ಕಿರಿದಾದ ರಂಧ್ರದಲ್ಲಿ ಹರಳಿನ ಮೈ ಬಾಗಲೇಬೇಕು. ಬಾಗಿದ ಮೈಗೆ ಹೆಚ್ಚು ಶಕ್ತಿ ತಗಲುತ್ತದೆ, ಹಾಗಾಗಿ ಅದು ಕಡಿಮೆ ಉಷ್ಣಾಂಶದಲ್ಲೇ ಕರಗುತ್ತದೆ. ಗಿಬ್ಸ್–ಥಾಮ್ಸನ್ ಸೂತ್ರ ಹೇಳುವುದು ಇಷ್ಟನ್ನೇ. ಹೈಡ್ರೇಟ್ ಮತ್ತು ನೀರಿನ ನಡುವಿನ ಮೇಲ್ಮೈ ಶಕ್ತಿಯನ್ನು ಚದರ ಮೀಟರಿಗೆ 0.032 ಜೂಲ್ ಎಂದು ಹಿಡಿದು ಲೆಕ್ಕ ಹಾಕಿ ನೋಡಿ. ರಂಧ್ರದ ತ್ರಿಜ್ಯ 10 ನ್ಯಾನೊಮೀಟರ್ ಇದ್ದರೆ ಕರಗುವ ಉಷ್ಣಾಂಶ ಎರಡು ಡಿಗ್ರಿಗಿಂತ ತುಸು ಹೆಚ್ಚು ಇಳಿಯುತ್ತದೆ. 100 ನ್ಯಾನೊಮೀಟರ್ ಆದರೆ 0.2 ಡಿಗ್ರಿ. ಮೈಕ್ರಾನ್ ದಾಟಿದರೆ ಥರ್ಮಾಮೀಟರಿಗೂ ಗೊತ್ತಾಗದು. 1992ರಲ್ಲಿ ಹಂಡಾ ಮತ್ತು ಸ್ಟುಪಿನ್ ಎಂಬ ಸಂಶೋಧಕರು ಸುಮಾರು 7 ನ್ಯಾನೊಮೀಟರ್ ತ್ರಿಜ್ಯದ ರಂಧ್ರಗಳಿರುವ ಸಿಲಿಕಾ ಜೆಲ್ ಕಣಗಳಲ್ಲಿ ಅಳೆದಾಗ ಸಮತೋಲನದ ಒತ್ತಡ ಶೇ. 20ರಿಂದ 100ರಷ್ಟು ಮೇಲೇರಿತ್ತು. ಮರಳಿನ ರಂಧ್ರಗಳಾದರೋ ಹತ್ತಾರು ಮೈಕ್ರಾನ್. ಅಲ್ಲಿ ಸಮತೋಲನ ಬದಲಾಯಿತು ಎಂದು ಯಾರಾದರೂ ಹೇಳಿದರೆ ಮೊದಲು ಅವರ ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಕೇಳಬೇಕು; ಉಪ್ಪೂ ಸಮತೋಲನವನ್ನು ಬದಲಿಸುತ್ತದೆ.

ಸಿಲಿಕಾ ಜೆಲ್‌ನಲ್ಲಿ ಕಟ್ಟುವ ದಾರಿ, ಕರಗುವ ದಾರಿ ಎರಡೂ ಒಂದೇ ಅಲ್ಲ. ಕಟ್ಟುವಾಗ ಹರಳಿನ ತುದಿ ರಂಧ್ರದ ಕಿರಿದಾದ ಕೊರಳಲ್ಲಿ ಅರ್ಧಗೋಳವಾಗಿ ನುಸುಳಬೇಕು. ಕರಗುವಾಗ ಉದ್ದಕ್ಕೂ ಸಿಲಿಂಡರಿನಂತೆ ಸವೆಯುತ್ತದೆ. ಬಾಗು ಅರ್ಧಕ್ಕಿಳಿಯುವುದರಿಂದ ಉಷ್ಣಾಂಶದ ವ್ಯತ್ಯಾಸವೂ ಸುಮಾರು ಅರ್ಧವಾಗುತ್ತದೆ. ಕಟ್ಟಿದ ಒತ್ತಡವನ್ನೇ ಸಮತೋಲನ ಎಂದು ಬರೆದುಬಿಡುವುದು ಹೊಸಬರ ಸಾಮಾನ್ಯ ತಪ್ಪು. ಇನ್ನೊಂದು ತಪ್ಪು ನೀರು ಹೆಚ್ಚಾಗುವುದು. ರಂಧ್ರಗಳ ಒಟ್ಟು ಜಾಗಕ್ಕಿಂತ ತುಸು ಕಡಿಮೆಯೇ ನೀರು ಹಾಕಿ. ಕಣಗಳ ಹೊರಗೆ ಉಳಿದ ನೀರು ಬರಿಯ ನೀರಿನ ಗೆರೆಯಲ್ಲೇ ನಡೆದು, ಒತ್ತಡ–ಉಷ್ಣಾಂಶದ ಗ್ರಾಫಿನಲ್ಲಿ ಎರಡು ಮೆಟ್ಟಿಲು ಮೂಡಿಸುತ್ತದೆ.

ಇನ್ನು ವೇಗ. ಕಲಕದೆ ಇಟ್ಟ ನೀರಿನಲ್ಲಿ ಹೈಡ್ರೇಟ್ ಮೊದಲು ಕಟ್ಟುವುದು ಅನಿಲಕ್ಕೆ ತಾಗುವ ಮೇಲ್ಮೈಯಲ್ಲಿ. ಹಾಲಿನ ಮೇಲಿನ ಕೆನೆಯ ಹಾಗೆ. ಆ ಪದರವೇ ಅನಿಲದ ದಾರಿ ಮುಚ್ಚುತ್ತದೆ, ಕೆಳಗಿನ ನೀರು ಹಾಗೇ ಉಳಿಯುತ್ತದೆ. ಮರಳಿನಲ್ಲಿ ಅದೇ ನೀರು ಕಣಗಳ ಮೈಮೇಲೆ ತೆಳುವಾಗಿ ಹರಡಿರುತ್ತದೆ, ಅನಿಲಕ್ಕೆ ಎಲ್ಲೆಡೆ ಬಾಗಿಲು. ಕಲಕುವ ಯಂತ್ರವಿಲ್ಲದೆಯೂ ಹೆಚ್ಚು ನೀರು ಹೈಡ್ರೇಟ್ ಆಗುವುದು ಇದರಿಂದ.

ಒಂದು ಲೀಟರ್ ಕೋಶದ (ಪ್ರಯೋಗಕ್ಕೆ ಬಳಸುವ, ಒತ್ತಡ ತಾಳುವ ಮುಚ್ಚಿದ ಪಾತ್ರೆ) ಲೆಕ್ಕ ಹಾಕೋಣ. ಮರಳಿನಲ್ಲಿ ಶೇ. 40 ರಂಧ್ರ, ಅಂದರೆ 400 ಮಿಲಿಲೀಟರ್ ಜಾಗ, 1,590 ಗ್ರಾಂ ಮರಳು. ರಂಧ್ರದ ಶೇ. 40ರಷ್ಟು ಹೈಡ್ರೇಟ್ ತುಂಬಬೇಕಾದರೆ ಸುಮಾರು 127 ಗ್ರಾಂ ನೀರು, 19 ಗ್ರಾಂ ಮೀಥೇನ್ ಬೇಕು. ಮರಳನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ, ನೀರು ತೂಗಿ ಬೆರೆಸಿ, ಪದರ ಪದರವಾಗಿ ದಮ್ಮಸು ಮಾಡಬೇಕು. ನೈಟ್ರೋಜನ್ ತುಂಬಿ ಒಂದು ರಾತ್ರಿ ಬಿಟ್ಟು ಸೋರಿಕೆ ನೋಡಬೇಕು. ಆಮೇಲೆ ನೈಟ್ರೋಜನ್ನನ್ನು ಪೂರ್ತಿ ಹೊರಹಾಕಿ, ಮೀಥೇನ್ ತುಂಬಿ, 2 ಡಿಗ್ರಿಗೆ ತಣಿಸಬೇಕು. ಇಲ್ಲಿ ಎಚ್ಚರ: 2 ಡಿಗ್ರಿಯಲ್ಲಿ 80 ಬಾರ್ ಬರುವಷ್ಟು ತುಂಬಿ ವಾಲ್ವ್ ಮುಚ್ಚಿದರೆ ಒಳಗಿರುವ ಅನಿಲ ಸಾಲದು. ಒತ್ತಡ 32 ಬಾರ್‌ನಷ್ಟಕ್ಕೆ ಇಳಿದು ಸಮತೋಲನ ಮುಟ್ಟಿದಾಗ ನೀರಿನ ಮೂರನೇ ಎರಡು ಭಾಗ ಮಾತ್ರ ಹೈಡ್ರೇಟ್ ಆಗಿರುತ್ತದೆ. ರೆಗ್ಯುಲೇಟರ್ ಮೂಲಕ ಅನಿಲ ಬರುತ್ತಲೇ ಇರಬೇಕು.

ಶಾಖದ ಲೆಕ್ಕ ಮರೆಯುವವರೇ ಹೆಚ್ಚು. ಒಂದು ಮೋಲ್ ಮೀಥೇನ್ ಪಂಜರ ಸೇರುವಾಗ ಸುಮಾರು 54 ಕಿಲೊಜೂಲ್ ಹೊರಬರುತ್ತದೆ. ನಮ್ಮ ಕೋಶಕ್ಕೆ ಒಟ್ಟು 64 ಕಿಲೊಜೂಲ್. ಅದು ಹೊರಹೋಗದಿದ್ದರೆ ಮರಳನ್ನು 35 ಡಿಗ್ರಿಯಷ್ಟು ಬಿಸಿ ಮಾಡಲು ಸಾಕು. ಹಾಗಾಗುವುದಿಲ್ಲ: 80 ಬಾರ್‌ನಲ್ಲಿ ಮರಳು 11 ಡಿಗ್ರಿಗೆ ಬರುತ್ತಲೇ ಹೈಡ್ರೇಟ್ ಕಟ್ಟುವುದು ನಿಂತು, ಗೋಡೆಯತ್ತ ಶಾಖ ಹರಿದಷ್ಟೇ ಮುಂದುವರಿಯುತ್ತದೆ. ಒಂದೇ ಥರ್ಮೊಕಪಲ್ (ಉಷ್ಣಾಂಶ ಅಳೆಯುವ ತಂತಿ) ಗೋಡೆಯ ಪಕ್ಕದಲ್ಲಿದ್ದರೆ ಇದು ಕಾಣುವುದಿಲ್ಲ. ಕೋಶದ ನಟ್ಟನಡುವೆ ಒಂದು, ಅಂಚಿನಲ್ಲಿ ಒಂದು, ಇವೆರಡರ ಮಧ್ಯೆ ಒಂದು ಹೀಗೆ ಮೂರು ಇರಲಿ. ಉಷ್ಣಾಂಶ ಥಟ್ಟನೆ ಜಿಗಿದದ್ದೇ ಆರಂಭದ ಗುರುತು. ತಣಿಸಿದ್ದರಿಂದ ಇಳಿದ ಒತ್ತಡ ಗುರುತಲ್ಲ. ಜೊತೆಗೆ ಮೊದಲು ಕಟ್ಟಿದ ಜಾಗ ಕೇಶಾಕರ್ಷಣೆಯಿಂದ ಸುತ್ತಲ ನೀರನ್ನು ಎಳೆದುಕೊಳ್ಳುತ್ತದೆ, ಸಮನಾಗಿ ಬೆರೆಸಿದ ಮಾದರಿ ಕೊನೆಗೆ ಸಮನಾಗಿ ಉಳಿಯುವುದಿಲ್ಲ. ಒಮ್ಮೆ ಕಟ್ಟಿ ಕರಗಿದ ನೀರನ್ನೇ ಮತ್ತೆ ಬಳಸಿದರೆ, ಸರಿಯಾಗಿ ತೊಳೆಯದ ಮೊಸರಿನ ಪಾತ್ರೆಗೆ ಹಾಲು ಹಾಕಿದಂತೆ, ಬೇಗ ಕಟ್ಟುತ್ತದೆ. ಕಟ್ಟಲು ಶುರುವಾಗುವವರೆಗೆ ಆ ಎರಡನೇ ಸಲ ಕಾದ ಅವಧಿಯನ್ನು ಮೊದಲನೆಯದರ ಜೊತೆ ಸೇರಿಸಿ ಸರಾಸರಿ ತೆಗೆಯಬಾರದು.

ಸಮುದ್ರದ ತಳದ ಜೇಡಿಯಲ್ಲಿ ಹೈಡ್ರೇಟ್ ಸಣ್ಣ ರಂಧ್ರಕ್ಕೆ ನುಸುಳುವ ಬದಲು ಕಣಗಳನ್ನೇ ಬದಿಗೊತ್ತಿ ಬಿರುಕುಗಳಲ್ಲಿ ನರಗಳಂತೆ, ಗಂಟುಗಳಂತೆ ಬೆಳೆಯುತ್ತದೆ. 2006ರಲ್ಲಿ ಭಾರತದ ಮೊದಲ ಹೈಡ್ರೇಟ್ ಯಾತ್ರೆಯಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಬಂಗಾಳ ಕೊಲ್ಲಿಯ ಕೃಷ್ಣಾ–ಗೋದಾವರಿ ಜಲಾನಯನದ 10ನೇ ತಾಣದಲ್ಲಿ ಕೊರೆದಾಗ ಸಿಕ್ಕಿದ್ದು ಇಂಥದ್ದೇ, ಸುಮಾರು 130 ಮೀಟರ್ ದಪ್ಪ. ವಿದ್ಯುತ್ ರೋಧದ ಲಾಗ್ ಅನ್ನು (ಬಾವಿಯುದ್ದಕ್ಕೂ ಅಳೆದ ದಾಖಲೆ) ಮರಳಿನ ಸೂತ್ರದಲ್ಲೇ ಓದಿದರೆ ಅಲ್ಲಿ ಹೈಡ್ರೇಟ್ ವಿಪರೀತ ಹೆಚ್ಚು ಎಂದು ತೋರುತ್ತದೆ; ಒತ್ತಡ ಕಾಪಾಡಿ ಮೇಲೆತ್ತಿದ ಕೋರ್‌ಗಳಲ್ಲಿ (ಕೊರೆದು ತೆಗೆದ ಮಣ್ಣಿನ ಕಂಬಗಳು) ಅದಕ್ಕಿಂತ ಬಹಳ ಕಡಿಮೆ ಇತ್ತು. ನೆಟ್ಟಗೆ ನಿಂತ ಬಿರುಕುಗಳು ಉಪಕರಣವನ್ನು ದಾರಿ ತಪ್ಪಿಸಿದ್ದವು. ಮರಳಿನ ಪದರಗಳಿಗಾಗಿ 2015ರಲ್ಲಿ ಚಿಕ್ಯೂ ಹಡಗಿನೊಂದಿಗೆ ಮತ್ತೆ ಹೋಗಬೇಕಾಯಿತು.

ಕೊನೆಯದಾಗಿ ಮಾದರಿ ತಯಾರಿಸುವ ಬಗೆ. ಮೇಲೆ ಹೇಳಿದಂತೆ ಅನಿಲ ಹೆಚ್ಚು, ನೀರು ಕಡಿಮೆ ಇಟ್ಟರೆ ಹೈಡ್ರೇಟ್ ಕಣಗಳು ಕೂಡುವಲ್ಲಿ ಸಿಮೆಂಟಿನಂತೆ ಕಟ್ಟುತ್ತದೆ. ರಂಧ್ರದ ಶೇ. 10ರಷ್ಟು ಹೈಡ್ರೇಟ್ ಇದ್ದರೂ ಮರಳು ಗಟ್ಟಿ. ಅಳೆದ ಅನಿಲ ಹಾಕಿ, ಮಿಕ್ಕ ಜಾಗಕ್ಕೆ ನೀರನ್ನು ಒತ್ತಡದಿಂದ ತುಂಬಿದರೆ ಹೈಡ್ರೇಟ್ ರಂಧ್ರದ ನಡುವೆ ಬೆಳೆಯುತ್ತದೆ, ಮರಳು ಅಷ್ಟು ಬಿಗಿಯಾಗುವುದಿಲ್ಲ. ಸಮುದ್ರದಡಿಯ ಮರಳು ಬಹುಮಟ್ಟಿಗೆ ಎರಡನೆಯ ಬಗೆಯದು. 2013ರ ಮಾರ್ಚಿನಲ್ಲಿ ಜಪಾನಿನ ನಂಕಾಯ್ ಕಂದಕದಲ್ಲಿ ಆರು ದಿನ ಅನಿಲ ತೆಗೆದು, ಬಾವಿಗೆ ಮರಳು ನುಗ್ಗಿ ಪರೀಕ್ಷೆ ನಿಂತಿತು. ಇಂಥ ಬಾವಿಯ ಬಲದ ಲೆಕ್ಕಕ್ಕೆ ಮೊದಲ ಬಗೆಯ ಮಾದರಿಯ ಅಂಕಿ ಬಳಸಬೇಡಿ. ನೀರು ತುಂಬಿದ ಮಾದರಿಯನ್ನು ರಿಲೀಫ್ ವಾಲ್ವ್ (ಒತ್ತಡ ಮೀರಿದರೆ ತಾನೇ ತೆರೆಯುವ ವಾಲ್ವ್) ಇಲ್ಲದೆ ಎರಡೂ ಕಡೆ ಮುಚ್ಚಿ ಬಿಸಿ ಮಾಡಲೂಬೇಡಿ: 164 ಪಟ್ಟು ಹಿಗ್ಗಬೇಕಾದ ಅನಿಲಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.